ಕೂಗಿ ಹಾಕಬೇಕಾದ ದೀಪ

ಹಡಗಿನ ದೀಪಗಳ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾಲ್ಕು ಮಾತು ನಿಮ್ಮ ಭಾಷೆಯಲ್ಲೇ ಬರೆದುಕೊಡಿ, ಹಿಂದಿಗೆ ನಾವು ಮಾಡಿಸಿಕೊಳ್ಳುತ್ತೇವೆ ಎಂದು, ನಾನು ಆಗಾಗ ಪಾಠಕ್ಕೆ ಹೋಗುವ ಸೂರತ್ತಿನ ಒಂದು ತರಬೇತಿ ಕೇಂದ್ರದವರು ಕೇಳಿ ಎರಡು ವರ್ಷವಾಯಿತು. ಬರೆಯಲು ಕೂತಾಗಲೆಲ್ಲ ಒಂದು ಜಾಗಕ್ಕೆ ಬಂದು ಪೆನ್ನು ನಿಲ್ಲುತ್ತಿತ್ತು. ಈ ವರ್ಷ ಉತ್ತರಾಯಣದ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ನೇತಾಡುತ್ತಿದ್ದಾಗ ನನಗೆ ಈ ಕೆಲಸ ಕಲಿಸಿದ ಭಾಸ್ಕರಣ್ಣ ತೀರಿಕೊಂಡರು. ಇನ್ನು ಆ ಜಾಗವನ್ನು ದಾಟದೆ ಉಪಾಯವಿಲ್ಲ.

ನಾನು ಮಲ್ಪೆಯ ಕಡೆಯವನು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ ಸೂರತ್ತಿಗೆ ಬಂದೆ. ತಾಪಿ ನದಿ ಸಮುದ್ರ ಸೇರುವಲ್ಲಿ ಒಂದು ಕಂಪನಿಯ ಟಗ್ಗುಗಳೂ ಡ್ರೆಜರುಗಳೂ ಇದ್ದವು. ದೊಡ್ಡ ಹಡಗನ್ನು ಎಳೆದು ದಕ್ಕೆಗೆ, ಅಂದರೆ ಹಡಗು ಕಟ್ಟುವ ಕಟ್ಟೆಗೆ, ತರುವುದು ಟಗ್ಗು. ನೀರಿನಡಿಯ ಹೂಳನ್ನು ಹೀರಿ ತೆಗೆಯುವುದು ಡ್ರೆಜರ್. ಅವುಗಳ ದೀಪಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು ನಿವೃತ್ತಿಯವರೆಗೂ ಅದೇ ಕೆಲಸದಲ್ಲಿದ್ದೆ. ನಡುವೆ ಸಿಕ್ಕಿದ ಬಡ್ತಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಭಾಸ್ಕರಣ್ಣ ನನ್ನ ಮೇಲಿನವರು, ನನಗಿಂತ ಎಂಟು ವರ್ಷ ದೊಡ್ಡವರು, ಮಲ್ಪೆಯವರೇ. ಮೊದಲ ದಿನ ನನ್ನ ಸರ್ಟಿಫಿಕೇಟು ನೋಡಿ, ಮಡಿಸಿ, ನನ್ನ ಕೈಗೇ ಕೊಟ್ಟು ಕೇಳಿದರು.

"ಹಡಗಿನ ದೀಪ ಎಂತಕ್ಕೆ, ಹೇಳು ನೋಡುವಾ."

"ದಾರಿ ಕಾಣ್ಲಿಕ್ಕೆ."

"ತಪ್ಪು. ಅದು ಬಸ್ಸಿನ ಲೈಟು ಮಾರಾಯ. ಹಡಗಿನ ದೀಪ ನಮಗೆ ಕಾಣ್ಲಿಕ್ಕಲ್ಲ, ನಾವು ಬೇರೆಯವರಿಗೆ ಕಾಣ್ಲಿಕ್ಕೆ. ನಾವು ಎಲ್ಲಿದ್ದೇವೆ, ಯಾವ ಕಡೆ ಮುಖ ಮಾಡಿದ್ದೇವೆ, ಎಂತ ಕೆಲಸ ಮಾಡ್ತಾ ಇದ್ದೇವೆ, ಎಲ್ಲ ಅದೇ ಹೇಳುದು. ಸುಳ್ಳು ಹೇಳಿದ್ರೆ ಯಾರೋ ಸಾಯ್ತಾರೆ."

ಎಡಗಡೆ ಕೆಂಪು, ಬಲಗಡೆ ಹಸಿರು, ಹಿಂದೆ ಬಿಳಿ, ಎತ್ತರದ ಕಂಬದಲ್ಲಿ, ಅಂದರೆ ಮಾಸ್ಟಿನಲ್ಲಿ, ಬಿಳಿ. ಇಷ್ಟನ್ನು ನೀವು ಪುಸ್ತಕದಲ್ಲಿ ಓದಿಕೊಳ್ಳುತ್ತೀರಿ. ಪುಸ್ತಕದಲ್ಲಿ ಇಲ್ಲದ್ದು ಭಾಸ್ಕರಣ್ಣನ ಎರಡು ಪದ್ಧತಿಗಳು.

ಒಂದು, ಫ್ಯೂಸಿನದು. ಮಾಸ್ಟ್ ಹತ್ತುವ ಮೊದಲು ಆ ದೀಪದ ಫ್ಯೂಸನ್ನು ಕ್ಯಾಪ್ಟನ್ ನಿಲ್ಲುವ ಕೋಣೆಯ ಸ್ವಿಚ್ಚಿನ ಪ್ಯಾನೆಲಿನಿಂದ ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಇಡುವಂತಿಲ್ಲ, ಬೇರೆಯವರ ಕೈಗೆ ಕೊಡುವಂತಿಲ್ಲ. "ಸ್ವಿಚ್ ಯಾರು ಬೇಕಾದ್ರೂ ಹಾಕ್ಬಹುದು. ಜೇಬಿನ ಫ್ಯೂಸ್ ಯಾರು ಹಾಕ್ತಾರೆ?" ಎನ್ನುತ್ತಿದ್ದರು.

ಎರಡು, ಸಂಜೆಯ ಕೂಗು. ಸೂರ್ಯ ಮುಳುಗುವ ಮೊದಲು ಎಲ್ಲ ದೀಪ ಹಚ್ಚಿ, ಒಬ್ಬ ದಕ್ಕೆಗೆ ಇಳಿದು, ದೂರ ನಿಂತು, ಕಣ್ಣಿಗೆ ಕಂಡ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ಪ್ಯಾನೆಲಿನಲ್ಲಿ ಸಣ್ಣ ದೀಪ ಉರಿದರೆ ಸಾಲದು. ತಂತಿಯಲ್ಲಿ ಕರೆಂಟು ಹೋಗುತ್ತಿದೆ ಎಂದಷ್ಟೇ ಅದಕ್ಕೆ ಗೊತ್ತು. ಗಾಜಿನ ಮೇಲೆ ಯಾರೋ ಬಣ್ಣ ಬಳಿದದ್ದು, ಹಕ್ಕಿ ಹೊಲಸು ಮಾಡಿದ್ದು, ಮುಂದೆ ಹಗ್ಗ ನೇತುಹಾಕಿದ್ದು ಅದಕ್ಕೆ ಗೊತ್ತಾಗುವುದಿಲ್ಲ.

ದಿನಾ ಈ ಕೂಗು ಕೇಳುತ್ತಿದ್ದವನು ಜೀವಾಭಾಯ್ ಎಂಬ ಹಳೆಯ ನಾವಿಕ, ಸೌರಾಷ್ಟ್ರ ಕರಾವಳಿಯವನು. ಹಗ್ಗ ಸುತ್ತುತ್ತಾ ಕೂತಲ್ಲಿಂದಲೇ ಗೇಲಿ ಮಾಡುತ್ತಿದ್ದ: "ಅರೇ ಭಾಸ್ಕರ್‌ಭಾಯ್, ರೋಜ್ ಏ ಜ್ ಕಲರ್ ಛೇ, ಬದ್ಲಾಈ ಥೋಡೋ ಜಾಯ್!" ದಿನಾ ಅದೇ ಬಣ್ಣ, ಅದೇನು ಬದಲಾಗುತ್ತದೆಯೇ ಎಂದು.

ನನ್ನ ತಪ್ಪುಗಳನ್ನು ಹೇಳುತ್ತೇನೆ. ಸಣ್ಣವು ಮೊದಲು.

ಕೈಯಲ್ಲಿ ಹಿಡಿದು ಮಿನುಗಿಸಿ ಇನ್ನೊಂದು ಹಡಗಿಗೆ ಸಂದೇಶ ಕೊಡುವ ಒಂದು ದೀಪವಿದೆ. ಒಳಗೆ ಬೋಗುಣಿಯಂಥ ಕನ್ನಡಿ, ನಡುವೆ ಬಲ್ಬು. ಸೇರಿದ ವರ್ಷವೇ ನಾನು ಅದನ್ನು ಚೆನ್ನಾಗಿ ಉಜ್ಜಿ ಹೊಳಪು ಮಾಡಿ, ಒಣಗಲೆಂದು ಆಕಾಶಕ್ಕೆ ಮುಖ ಮಾಡಿ ಮೇಲಿನ ಡೆಕ್ಕಿನಲ್ಲಿ ಇಟ್ಟು ಊಟಕ್ಕೆ ಹೋದೆ. ಗುಜರಾತಿನ ಮೇ ತಿಂಗಳ ಬಿಸಿಲು. ವಾಪಸು ಬಂದಾಗ ಸುಟ್ಟ ವಾಸನೆ. ಸ್ವಿಚ್ ಹಾಕಿಲ್ಲ, ಬ್ಯಾಟರಿ ಜೋಡಿಸಿಲ್ಲ, ಆದರೂ ಬಲ್ಬಿನ ಹೋಲ್ಡರ್ ಕರಗಿ ಓರೆಯಾಗಿತ್ತು. ಕನ್ನಡಿ ಬಿಸಿಲನ್ನೆಲ್ಲ ತಂದು ನಡುವಿಗೇ ಸುರಿದಿತ್ತು. ಚೀಫ್ ಎಂಜಿನಿಯರ್ ಎಲ್ಲರ ಎದುರು ನನ್ನನ್ನು ಬೈದ. ಭಾಸ್ಕರಣ್ಣ ಸಂಜೆ ಬಂದು, "ಕರೆಂಟು ಇಲ್ಲದೆ ದೀಪ ಹಚ್ಚಿದವ ನೀನೊಬ್ಬನೇ" ಎಂದು ನಕ್ಕರು. ಆಮೇಲೆ ತಾವೇ ಹಳೆಯ ತಾಡಪಾಲು ಕತ್ತರಿಸಿ ಅದಕ್ಕೊಂದು ಟೊಪ್ಪಿ ಹೊಲಿದುಕೊಟ್ಟರು. ಹಗಲಿನಲ್ಲಿ ಅಂಥ ದೀಪದ ಮುಖ ಮುಚ್ಚಿಡಿ.

ಇನ್ನೊಂದು ತಪ್ಪು ಡ್ರೆಜರಿನದು. ಹೂಳು ತೆಗೆಯುವಾಗ ಅದರ ಒಂದು ಬದಿಯಲ್ಲಿ ಕೊಳವೆಗಳ ಸಾಲು ನೀರಿನಲ್ಲಿ ತೇಲುತ್ತಿರುತ್ತದೆ. ಆ ಬದಿಗೆ ಒಂದರ ಕೆಳಗೊಂದು ಎರಡು ಕೆಂಪು ದೀಪ: ಇತ್ತ ಬರಬೇಡಿ. ಇನ್ನೊಂದು ಬದಿಗೆ ಎರಡು ಹಸಿರು: ಇಲ್ಲಿಂದ ಹೋಗಿ. ನಾನು ನಾಲ್ಕೂ ದೀಪಗಳ ಗಾಜನ್ನು ಒಟ್ಟಿಗೆ ಬಿಚ್ಚಿ, ತೊಳೆದು, ಅದಲುಬದಲು ಹಾಕಿದ್ದೆ. ಪ್ಯಾನೆಲಿನಲ್ಲಿ ಎಲ್ಲ ಸರಿ. ಭಾಸ್ಕರಣ್ಣ ದಕ್ಕೆಗೆ ಇಳಿದು ನಿಂತರು. ಕೂಗಲಿಲ್ಲ. ಜೀವಾಭಾಯ್ ಕಡೆ ತಿರುಗಿ ಹೇಳಿದರು: "ಜೀವಾಭಾಯ್, ಆಜೇ ಬದ್ಲಾಈ ಗಯೋ." ಇವತ್ತು ಬದಲಾಯಿತು.

ಜೀವಾಭಾಯ್ ಹಗ್ಗ ಬಿಟ್ಟು ಎದ್ದು ನೋಡಿದ. ಆ ದಿನದ ನಂತರ ಅವನೂ ಸಂಜೆ ದಕ್ಕೆಯಲ್ಲಿ ನಿಂತು ಬಣ್ಣ ಎಣಿಸುತ್ತಿದ್ದ. ನನಗೆ ಭಾಸ್ಕರಣ್ಣ ಹೇಳಿದ್ದು ಇಷ್ಟೇ: "ಒಂದು ಬಿಚ್ಚು, ಒಂದು ತೊಳೆ, ಒಂದು ಹಾಕು. ಆಮೇಲೆ ಇನ್ನೊಂದು." ಕಂಪನಿಗೆ ವರದಿ ಹೋಗಲಿಲ್ಲ.

ಅದರ ಮರುವರ್ಷ ಅವರ ತಂಗಿ ಸುಮತಿಯನ್ನು ನನಗೆ ಮದುವೆ ಮಾಡಿಕೊಟ್ಟರು. ತಂದೆ ಇಲ್ಲದ ಮನೆ. ಧಾರೆ ಎರೆದದ್ದು ಅವರೇ. ತಾವು ಮದುವೆಯಾಗಲಿಲ್ಲ. ಭಾವ ಎಂದು ಕರೆಯಲು ನನ್ನ ನಾಲಗೆ ಕೊನೆಯವರೆಗೂ ಹೊರಳಲಿಲ್ಲ. "ಭಾವ ಅಂದ್ರೆ ಬಾಯಿ ಸುಡ್ತದಾ ನಿಂಗೆ?" ಎಂದು ಕೇಳುತ್ತಿದ್ದರು.

ಈಗ ಪೆನ್ನು ನಿಲ್ಲುವ ಜಾಗ.

ನಮ್ಮ ಕೈಗೆ ಆಗಷ್ಟೇ ಇನ್ನೊಂದು ಡ್ರೆಜರ್, ಬೇರೆಯವರು ಬಳಸಿ ಮಾರಿದ ಹಳೆಯದು, ಬಂದಿತ್ತು. ನಮ್ಮ ಟಗ್ಗುಗಳಲ್ಲಿ ಒಂದು ದೀಪಕ್ಕೆ ಒಂದೇ ಬಲ್ಬು, ಒಂದೇ ಫ್ಯೂಸು. ಇದರಲ್ಲಿ ಒಂದೇ ಪೆಟ್ಟಿಗೆಯೊಳಗೆ ಮೇಲೊಂದು ಕೆಳಗೊಂದು, ಎರಡು ಬಲ್ಬು. ಒಂದು ಸುಟ್ಟರೆ ಪ್ಯಾನೆಲ್ ಚೀಂ ಚೀಂ ಎಂದು ಕೂಗುತ್ತದೆ; ಪ್ಯಾನೆಲಿನ ಮೇಲಿನ ಗುಬುಟನ್ನು, ಅಂದರೆ ತಿರುಗಿಸುವ ಸ್ವಿಚ್ಚನ್ನು, ಒಂದರಿಂದ ಎರಡಕ್ಕೆ ತಿರುಗಿಸಿದರೆ ಎರಡನೆಯ ಬಲ್ಬು ಹೊತ್ತಿಕೊಂಡು ಕೂಗು ನಿಲ್ಲುತ್ತದೆ; ಸೊನ್ನೆಗೆ ತಂದರೆ ಎಲ್ಲ ಆರುತ್ತದೆ. ಎರಡನೆಯ ಬಲ್ಬಿಗೆ ಕೆಳಗಿನ ಸಾಲಿನಲ್ಲಿ ಬೇರೆಯೇ ಫ್ಯೂಸು.

ಮಧ್ಯಾಹ್ನ ಮೂರು ಗಂಟೆ. ಮಾಸ್ಟಿನ ಬಿಳಿ ದೀಪದ ಒಳಗೆ ನೀರು ಸೇರಿತ್ತು. ರಬ್ಬರ್ ಬದಲಿಸಬೇಕು. ಭಾಸ್ಕರಣ್ಣ ಮೇಲಿನ ಫ್ಯೂಸು ಕಿತ್ತು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಕೆಳಗಿನದು ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. "ಇಲ್ಲೇ ಇರು, ಪ್ಯಾನೆಲ್ ಬಿಟ್ಟು ಹೋಗ್ಬೇಡ" ಎಂದು ನನಗೆ ಹೇಳಿ ಹತ್ತಿದರು.

ಪರೀಕ್ಷೆಗೆಂದು ಹಚ್ಚಿದ್ದ ದೀಪದ ಗುಬುಟು ಒಂದರಲ್ಲೇ ಇತ್ತು; ಫ್ಯೂಸು ಕಿತ್ತದ್ದರಿಂದ ಪ್ಯಾನೆಲ್ ಚೀಂ ಚೀಂ ಎನ್ನುತ್ತಲೇ ಇತ್ತು. ಕ್ಯಾಪ್ಟನ್ ಬಂದರಿನವರ ಜೊತೆ ರೇಡಿಯೋದಲ್ಲಿ ಮಾತಾಡುತ್ತಿದ್ದ. ಎರಡು ಸಲ ನನ್ನ ಕಡೆ ನೋಡಿದ. ಮೂರನೆಯ ಸಲ ಕೈಯಿಂದ ರೇಡಿಯೋ ಮುಚ್ಚಿ ಕಿರುಚಿದ: "ಅರೇ ಯಾರ್, ಯೇ ಚೀಂ ಚೀಂ ಬಂದ್ ಕರೋ!"

ನಾನು ಗುಬುಟನ್ನು ಎರಡಕ್ಕೆ ತಿರುಗಿಸಿದೆ.

ಯೋಚಿಸಿ ಮಾಡಿದ್ದಲ್ಲ. ಕೂಗು ನಿಲ್ಲಿಸಲು ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಕೂಗು ನಿಂತಿತು. ಮೇಲಿನಿಂದ ಒಂದು ಸದ್ದು, ಆಮೇಲೆ ಕಿಟಕಿಯ ಎದುರು ಏನೋ ಬಿದ್ದದ್ದು. ಭಾಸ್ಕರಣ್ಣ ತೆರೆದ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಬೀಳದಂತೆ ಸೊಂಟಕ್ಕೆ ಕಟ್ಟಿದ ಬೆಲ್ಟಿನ ಕೊಕ್ಕೆಯನ್ನು ಒಂದು ಕಂಬಿಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ ಗಳಿಗೆ ಅದು. ಆಗಿನ ಬೆಲ್ಟಿಗೆ ಒಂದೇ ಕೊಕ್ಕೆ. ಕರೆಂಟು ಅವರನ್ನು ಕೊಲ್ಲಲಿಲ್ಲ, ಬೀಳಿಸಿತು. ಸೊಂಟವೂ ಬಲಗಾಲೂ ಮುರಿದವು.

ನಾನು ಓಡುವ ಮೊದಲು ಗುಬುಟನ್ನು ಮತ್ತೆ ಸೊನ್ನೆಗೆ ತಿರುಗಿಸಿದೆ. ಇದನ್ನೂ ಬರೆಯಬೇಕು. ಆ ಹೊತ್ತಿನಲ್ಲೂ ನನ್ನ ಕೈಗೆ ಅಷ್ಟು ಬುದ್ಧಿ ಇತ್ತು.

ಮರುದಿನ ಆ ಪೆಟ್ಟಿಗೆ ಮುಚ್ಚಲು ನನ್ನನ್ನೇ ಹತ್ತಿಸಿದರು. ಮುಚ್ಚಿ ಇಳಿದು, ಎರಡನೆಯ ಬಲ್ಬು ಪರೀಕ್ಷಿಸಲು ಗುಬುಟು ತಿರುಗಿಸಿದೆ. ಹಾಡಹಗಲಿನಲ್ಲೂ ಕಣ್ಣಿಗೆ ಚುಚ್ಚುವಂತೆ ಉರಿಯಿತು.

ಮೂರನೆಯ ದಿನ ಆಫೀಸಿನಿಂದ ಇಬ್ಬರು ಆಸ್ಪತ್ರೆಗೆ ಬಂದರು. ನಾನು ಸುಮತಿ ಕೊಟ್ಟ ಗಂಜಿಯ ಡಬ್ಬಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಎರಡನೆಯ ಬಲ್ಬು ಉರಿದಿತ್ತೇ ಎಂದು ಕೇಳಿದರು. ಉರಿದಿತ್ತು ಎಂದರೆ ಯಾರೋ ಗುಬುಟು ತಿರುಗಿಸಿದ್ದಾರೆ ಎಂದರ್ಥ.

ಭಾಸ್ಕರಣ್ಣ ಹೇಳಿದರು: "ನಹೀಂ ಸಾಹಬ್. ಲೈಟ್ ಜಲಾ ನಹೀಂ. ಪುರಾನಾ ವೈರಿಂಗ್ ಹೈ, ಡಬ್ಬೇ ಸೇ ಹೀ ಝಟ್ಕಾ ಲಗಾ." ದೀಪ ಉರಿಯಲಿಲ್ಲ, ಹಳೆಯ ವೈರಿಂಗು, ಪೆಟ್ಟಿಗೆಯೇ ಹೊಡೆಯಿತು.

ಆಫೀಸಿನವರು ನನ್ನ ಕಡೆ ತಿರುಗಿದರು. ಪ್ಯಾನೆಲ್ ಮುಟ್ಟಿದ್ದೆಯಾ?

"ಇಲ್ಲ" ಎಂದೆ.

ನಾನು ಆಗ ಕಾಂಟ್ರಾಕ್ಟಿನಲ್ಲಿದ್ದೆ. ಮಗಳಿಗೆ ಒಂದು ವರ್ಷ. ಇವು ಕಾರಣಗಳೇ ಹೊರತು ಉತ್ತರವಲ್ಲ. ಭಾಸ್ಕರಣ್ಣ ನನ್ನ ಮುಖ ನೋಡದೆ, "ಗಂಜಿ ತಣೀತದೆ, ಕೊಡು" ಎಂದರು. ಕ್ಯಾಪ್ಟನ್ ಕೂಡ ಬಾಯಿ ಬಿಡಲಿಲ್ಲ. ವರದಿಯಲ್ಲಿ ಹಳೆಯ ವೈರಿಂಗಿನ ದೋಷ ಎಂದಾಯಿತು.

ಆಸ್ಪತ್ರೆಯವರು ಭಾಸ್ಕರಣ್ಣನ ಬಟ್ಟೆಯನ್ನು ಒಂದು ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಅಂಗಿ ಭುಜದಲ್ಲಿ ಹರಿದಿತ್ತು. ಜೇಬಿನ ಗುಂಡಿ ಹಾಕಿದ ಹಾಗೇ ಇತ್ತು. ಒಳಗೆ ಫ್ಯೂಸು.

ಆಮೇಲೆ ಪದ್ಧತಿಗಳು ಬದಲಾದವು. ಎರಡೂ ಫ್ಯೂಸು ಕೀಳಬೇಕು, ಪ್ಯಾನೆಲಿಗೆ ಬೀಗ ಹಾಕಿ ಚೀಟಿ ಕಟ್ಟಬೇಕು, ಹತ್ತುವ ಮೊದಲು ಮೀಟರ್ ಹಿಡಿದು ಕರೆಂಟು ಇಲ್ಲವೆಂದು ನೋಡಬೇಕು, ಮಾಸ್ಟಿನ ಮೇಲೇ ಇರುವ ರಾಡಾರನ್ನೂ ಹಾರ್ನನ್ನೂ ನಿಲ್ಲಿಸಬೇಕು, ಬೆಲ್ಟಿಗೆ ಎರಡು ಕೊಕ್ಕೆ, ಒಂದು ಯಾವಾಗಲೂ ಸಿಕ್ಕಿಸಿರಬೇಕು. ಇವೆಲ್ಲ ಕಾಗದದಲ್ಲಿ ಬಂದವು. ಕಾಗದದಲ್ಲಿ ಇಲ್ಲದ ಒಂದನ್ನು ನಾನು ನಮ್ಮ ಹಡಗುಗಳಲ್ಲಿ ತಂದೆ. ಯಾವ ದೀಪವೇ ಆಗಲಿ, ಹಾಕುವವನು ಮೊದಲು "ಹಾಕ್ತೇನೆ" ಎಂದು ಕೂಗಬೇಕು. ಆ ಕಡೆಯಿಂದ "ಹಾಕು" ಎಂದು ಬರಬೇಕು. ಬರುವವರೆಗೆ ಕೈ ಮುಟ್ಟುವಂತಿಲ್ಲ. ಜೀವಾಭಾಯ್‌ನಂಥವರು ಗುಜರಾತಿಯಲ್ಲಿ ಕೂಗುತ್ತಿದ್ದರು, ಭಾಷೆ ಯಾವುದಾದರೇನು.

ಭಾಸ್ಕರಣ್ಣ ಮತ್ತೆ ಹಡಗು ಹತ್ತಲಿಲ್ಲ. ನಮ್ಮ ಸಂಬಂಧಿಕರೊಬ್ಬರು ವಡೋದರದ ಅಲ್ಕಾಪುರಿಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದರು. ಅಲ್ಲಿನ ಗ್ರೈಂಡರು, ಫ್ರಿಜ್ಜು, ಫ್ಯಾನುಗಳನ್ನು ನೋಡಿಕೊಳ್ಳಲು ಅವರನ್ನು ಇಟ್ಟುಕೊಂಡರು. ನಾವೂ ವಡೋದರಕ್ಕೇ ಮನೆ ಬದಲಿಸಿದೆವು, ಅವರು ನಮ್ಮ ಜೊತೆಗೇ ಇದ್ದರು. ನಾನು ಹದಿನೈದು ದಿನ ಸೂರತ್ತಿನಲ್ಲಿ ಹಡಗಿನಲ್ಲಿ, ಹದಿನೈದು ದಿನ ಮನೆಯಲ್ಲಿ. ಅವರು ಕೋಲು ಊರಿಕೊಂಡು ಹೋಟೆಲಿಗೆ ಹೋಗಿ ಬರುತ್ತಿದ್ದರು. ಚಟ್ನಿ ರುಬ್ಬುವ ಕಲ್ಲು ನಿಂತರೆ, "ಇದಕ್ಕೆ ಮಾಸ್ಟ್ ಇಲ್ಲ, ಅದೇ ಪುಣ್ಯ" ಎಂದು ಅಡಿಗೆಯವರನ್ನು ನಗಿಸುತ್ತಿದ್ದರಂತೆ.

ಹಡಗಿನ ಕೂಗು ನನ್ನ ಬಾಯಿಗೆ ಅಂಟಿ ಮನೆಗೂ ಬಂತು. ಸಂಜೆ ನಡುಮನೆಯ ದೀಪ ಹಾಕುವಾಗ ನನಗರಿವಿಲ್ಲದೆ "ಹಾಕ್ತೇನೆ" ಎನ್ನುತ್ತಿದ್ದೆ. ಮೊದಲ ಸಲ ಅಂದಾಗ ಒಳಕೋಣೆಯಲ್ಲಿ ಕೋಲನ್ನು ಗೋಡೆಗೆ ಒರಗಿಸಿದ ಸದ್ದು. ಆಮೇಲೆ ಭಾಸ್ಕರಣ್ಣನ ದನಿ: "ಹಾಕು."

ಅಲ್ಲಿಂದ ಮೂವತ್ತೆರಡು ವರ್ಷ, ನಾನು ಮನೆಯಲ್ಲಿದ್ದ ಪ್ರತಿ ಸಂಜೆ, ನಾನು ಹಾಕ್ತೇನೆ, ಅವರು ಹಾಕು. ಮಗಳು ರೇಷ್ಮಾ ಗುಜರಾತಿ, ಇಂಗ್ಲಿಷಿನಲ್ಲೇ ಬೆಳೆದವಳು, ಕನ್ನಡ ಅಷ್ಟಕ್ಕಷ್ಟೆ. "ಮಾಮಾ, ಟ್ಯೂಬ್‌ಲೈಟಿಗೂ ಪರ್ಮಿಶನ್ನಾ? ಪಪ್ಪಾ ಈಸ್ ಟೂ ಮಚ್" ಎಂದು ನಗುತ್ತಿದ್ದಳು. ಅವಳ ಮಾಮ, "ನಿನ್ನ ಅಪ್ಪ ದೊಡ್ಡ ಆಫೀಸರ್, ನಾನು ಸೈನ್ ಹಾಕದೆ ಬೆಳಕೇ ಬರುದಿಲ್ಲ" ಎನ್ನುತ್ತಿದ್ದರು. ನಾವಿಬ್ಬರೂ ಆ ಮಧ್ಯಾಹ್ನದ ಬಗ್ಗೆ ಮಾತಾಡಿದ್ದಿಲ್ಲ. ಒಂದೇ ಒಂದು ಸಲವೂ ಇಲ್ಲ. ಬಲ್ಬು ಉರಿದದ್ದು ಅವರ ಮುಖದ ಎದುರಿಗೆ. ಪ್ಯಾನೆಲಿನ ಹತ್ತಿರ ನನ್ನನ್ನು ನಿಲ್ಲಿಸಿದ್ದು ಅವರೇ. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತು ಎಂದು ನನಗೆ ಗೊತ್ತಿತ್ತು. ಸುಮತಿಗೆ ಗೊತ್ತಿರಲಿಲ್ಲ.

ನಿವೃತ್ತಿಗೆ ಮೊದಲು ಎಲ್ಇಡಿ ದೀಪಗಳು ಬಂದವು. ಬಲ್ಬು ಸುಡುವುದಿಲ್ಲ, ಮಾಸ್ಟ್ ಹತ್ತುವುದು ಕಡಿಮೆ ಎಂದು ಎಲ್ಲರಿಗೂ ಖುಷಿ. ಭಾಸ್ಕರಣ್ಣನಿಗೆ ಹೇಳಿದಾಗ ಅವರು ಕೇಳಿದ್ದು ಬೇರೆ: "ಅದು ಸಾಯುದು ಹೇಗೆ?" ಹಳೆಯ ಬಲ್ಬು ಒಮ್ಮೆಗೇ ಹೋಗಿ ಪ್ಯಾನೆಲ್ ಕೂಗುತ್ತಿತ್ತು. ಇದು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಮಂಕಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. "ಹಾಗಾದ್ರೆ ದಕ್ಕೆಗೆ ಇಳಿದು ನೋಡುದು ಬಿಡ್ಬೇಡಿ" ಎಂದರು. ಬಿಡಬೇಡಿ. ಅದರ ಗಾಜಿನಂಥ ಪ್ಲಾಸ್ಟಿಕ್ಕನ್ನು ಥಿನ್ನರಿನಿಂದ ಒರೆಸಬೇಡಿ, ಮಂಜಾಗುತ್ತದೆ. ಸಿಹಿನೀರು, ಮೆತ್ತನೆಯ ಬಟ್ಟೆ ಸಾಕು.

ಕಳೆದ ಡಿಸೆಂಬರಿನಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟವು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ರೇಷ್ಮಾಳ ಫ್ಲಾಟಿಗೆ ಕರೆದುಕೊಂಡು ಹೋಗಿ ಅಲ್ಲಿಂದ ಆಸ್ಪತ್ರೆಗೆ ಓಡಾಡಿದೆವು. ಒಂದು ಮಧ್ಯಾಹ್ನ ನಾನೊಬ್ಬನೇ ಹತ್ತಿರ ಕೂತಿದ್ದೆ. ಇವತ್ತು ಹೇಳಲೇಬೇಕು ಎಂದುಕೊಂಡೆ. "ಭಾವ" ಎಂದೆ. ಜೀವಮಾನದಲ್ಲಿ ಮೊದಲ ಸಲ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ಎಂತ, ನಂಗೆ ಅಷ್ಟು ಹುಷಾರಿಲ್ವಾ?" ಎಂದು ನಕ್ಕರು. ನಗುವಿಗೆ ಕೆಮ್ಮು ಬಂತು, ನೀರು ಕುಡಿಸಿದೆ, ನರ್ಸ್ ಬಂದಳು. ಆ ಮಾತು ಹಾಗೇ ಉಳಿಯಿತು. ಜನವರಿಯಲ್ಲಿ ಅವರು ಹೋದರು.

ವಡೋದರದ ಮನೆಗೆ ವಾಪಸು ಬಂದ ದಿನ ಸಂಜೆ ಅಭ್ಯಾಸಬಲದಿಂದ ಸ್ವಿಚ್ಚಿನ ಹತ್ತಿರ ನಿಂತು "ಹಾಕ್ತೇನೆ" ಎಂದೆ. ಒಳಕೋಣೆಯಿಂದ ಏನೂ ಬರಲಿಲ್ಲ. ಕೈ ಸ್ವಿಚ್ಚಿನ ಮೇಲೆ ಹೋಗಲಿಲ್ಲ. ಸುಮತಿ ಬಂದು ನನ್ನನ್ನು ನೋಡಿ ತಾನೇ ಹಾಕಿದಳು. ಆಮೇಲೆ ದಿನಾ ಅವಳೇ ಹಾಕುತ್ತಿದ್ದಳು.

ಮಾರ್ಚಿನಲ್ಲಿ ಸೂರತ್ತಿನ ತರಬೇತಿ ಕೇಂದ್ರದಲ್ಲಿ ಪಾಠಕ್ಕೆ ಹೋದೆ. ಪ್ರತಿ ಸಲದಂತೆ ಆ ಫ್ಯೂಸನ್ನು ಮೇಜಿನ ಮೇಲೆ ಇಟ್ಟು ಹೇಳಿದೆ: ಒಬ್ಬರು ಇದನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿದರು, ಕೆಳಗೆ ಯಾರೋ ಗುಬುಟು ತಿರುಗಿಸಿದರು. ಯಾರೋ. ಎಷ್ಟೋ ವರ್ಷದಿಂದ ಹೀಗೇ ಹೇಳುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು, ಭರೂಚಿನ ಕಡೆಯವಳು.

"ಸರ್, ವೋ ಕೌನ್ ಥಾ? ಉಸ್ಕೋ ಕ್ಯಾ ಹುವಾ?"

ಅದು ಯಾರು, ಅವನಿಗೆ ಏನಾಯಿತು. ನ್ಯಾಯವಾದ ಪ್ರಶ್ನೆ. ನಾನು "ಪತಾ ನಹೀಂ ಬೇಟಾ" ಎಂದೆ, ಗೊತ್ತಿಲ್ಲ ಎಂದು. ಫ್ಯೂಸು ಎದುರಿಗೇ ಇತ್ತು. ಹಡಗಿನ ದೀಪ ಸುಳ್ಳು ಹೇಳಿದರೆ ಯಾರೋ ಸಾಯುತ್ತಾರೆ ಎಂದು ಅದೇ ತರಗತಿಯಲ್ಲಿ ಅರ್ಧ ಗಂಟೆ ಮೊದಲು ನಾನೇ ಹೇಳಿದ್ದೆ.

ರೈಲಿನಲ್ಲಿ ವಡೋದರಕ್ಕೆ ಬಂದು, ಚಪ್ಪಲಿ ಕಳಚಿ, ನೇರ ಅಡಿಗೆಮನೆಗೆ ಹೋಗಿ ಸುಮತಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಗುಬುಟು ತಿರುಗಿಸಿದ್ದು, ಮತ್ತೆ ಸೊನ್ನೆಗೆ ತಂದದ್ದು, ಆಸ್ಪತ್ರೆಯಲ್ಲಿ ಇಲ್ಲ ಎಂದದ್ದು.

ಅವಳು ಒಲೆ ಆರಿಸಿದಳು. ಒಂದೇ ಮಾತು ಕೇಳಿದಳು.

"ಅಣ್ಣನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವ ಕೋಲು ಹಿಡ್ಕೊಂಡು ಮೆಟ್ಟಿಲು ಹತ್ತುವಾಗೆಲ್ಲ ನೀವು ಹಿಂದೆ ನಿಲ್ತಾ ಇದ್ರಿ. ಪ್ರೀತಿ ಅಂತ ಅಂದ್ಕೊಂಡಿದ್ದೆ ನಾನು."

"ಪ್ರೀತಿಯೂ ಹೌದು" ಎಂದೆ. ಅವಳು ತಿರುಗಿ ಒಲೆ ಹಚ್ಚಿದಳು.

ಅಂದಿನಿಂದ ಊಟಕ್ಕೆ ಕರೆಯುವುದು, ಹಾಲು ಬಂತೆನ್ನುವುದು ಬಿಟ್ಟು ಮಾತಿಲ್ಲ. ರೇಷ್ಮಾ ಫೋನ್ ಮಾಡಿ "ಮಮ್ಮಿ ಯಾಕೆ ಸೈಲೆಂಟ್?" ಎಂದು ಕೇಳಿದಳು. ನಾನು ಅವಳಿಗೂ ಹೇಳಿದೆ. ತರಬೇತಿ ಕೇಂದ್ರಕ್ಕೂ ಫೋನ್ ಮಾಡಿ, ಮುಂದಿನ ಪಾಠ ಅದೇ ಬ್ಯಾಚಿಗೆ ಇರಲಿ, ಒಂದು ತಪ್ಪು ತಿದ್ದುವುದಿದೆ ಎಂದು ಕೇಳಿಕೊಂಡೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ: ಅದು ನಾನು. ನನಗೆ ಏನೂ ಆಗಲಿಲ್ಲ. ಆಗಬೇಕಾದದ್ದೆಲ್ಲ ಬೇರೊಬ್ಬರು ಹೊತ್ತರು.

ಈ ಬರಹವನ್ನು ಹತ್ತು ದಿನದಿಂದ ನಡುಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಸುಮತಿ ಹೋಗುತ್ತ ಬರುತ್ತ ನೋಡುತ್ತಾಳೆ. ನಾನು ಎದ್ದು ಹೋದಾಗ ಹಾಳೆಗಳು ಸ್ವಲ್ಪ ಸರಿದಿರುತ್ತವೆ. ಓದಿದೆಯಾ ಎಂದು ನಾನು ಕೇಳುವುದಿಲ್ಲ.

ನಿನ್ನೆ ಸಂಜೆ ಬರೆಯುತ್ತಿದ್ದಂತೆ ಕತ್ತಲಾಯಿತು, ಅಕ್ಷರ ಕಾಣದಾಯಿತು. ಅವಳು ದೀಪ ಹಾಕಲು ಬರಲಿಲ್ಲ. ನಾನು ಎದ್ದು ಸ್ವಿಚ್ಚಿನ ಹತ್ತಿರ ನಿಂತೆ. ಹಳೆಯ ಅಭ್ಯಾಸ, ಬಾಯಿ ತಾನಾಗಿ ಅಂದಿತು.

"ಹಾಕ್ತೇನೆ."

ಒಳಕೋಣೆಯಲ್ಲಿ ಯಾರೂ ಇಲ್ಲ ಎಂದು ಗೊತ್ತು. ಆದರೂ ನಿಂತೆ. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಹೋಗುತ್ತಿದ್ದವು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಹಾಕಿ" ಎಂದಳು ಸುಮತಿ.